ಬಿಪಿಗೆ ಚೀನೀ ಚಿಕಿತ್ಸೆ: ಸೂಜಿ, ಒತ್ತುಬಿಂದು, ಗಿಡಮೂಲಿಕೆ... ಯಾವುದು ಎಷ್ಟು ನಿಜ?

"ಕಿವಿಯ ಹಿಂದೆ ಇಲ್ಲಿ ಒತ್ತಿ, ಐದೇ ನಿಮಿಷದಲ್ಲಿ ಬಿಪಿ ಇಳಿಯುತ್ತೆ." "ಚೀನಾದವರ ಸಾವಿರಾರು ವರ್ಷದ ರಹಸ್ಯ, ಇನ್ನು ಮಾತ್ರೆಯೇ ಬೇಡ." ಇಂಥ ವಿಡಿಯೊಗಳು, ಸಂದೇಶಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕಳಿಸಿದವರ ಉದ್ದೇಶ ಒಳ್ಳೆಯದೇ. ಮನೆಯಲ್ಲಿ ಒಬ್ಬರಿಗಾದರೂ ಬಿಪಿ ಇರುತ್ತದೆ, ದಿನಾ ಮಾತ್ರೆ ನುಂಗುವುದು ಯಾರಿಗೂ ಇಷ್ಟವಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು.

ಹಾಗಾದರೆ ಚೀನಾದ ಸಾಂಪ್ರದಾಯಿಕ ವೈದ್ಯ ಪದ್ಧತಿಯಿಂದ ಬಿಪಿ ನಿಜವಾಗಿಯೂ ಹತೋಟಿಗೆ ಬರುತ್ತದೆಯೇ? ಸಂಶೋಧನೆಗಳು ಏನು ಹೇಳುತ್ತವೆ ನೋಡೋಣ.

ಚಿಕ್ಕ ಉತ್ತರ

ತೈ ಚಿ ಎಂಬ ನಿಧಾನಗತಿಯ ವ್ಯಾಯಾಮದಿಂದ ಬಿಪಿ ಸ್ವಲ್ಪ ಇಳಿಯುತ್ತದೆ ಎನ್ನಲು ಒಳ್ಳೆಯ ಪುರಾವೆ ಇದೆ. ಆಕ್ಯುಪಂಕ್ಚರ್‌ನಿಂದ ಬಿಪಿ ಇಳಿದು ಹಾಗೇ ಉಳಿಯುತ್ತದೆ ಎನ್ನಲು ಪುರಾವೆ ಇಲ್ಲ. ಗಿಡಮೂಲಿಕೆಗಳಲ್ಲಿ ಕೆಲವು ಬಿಪಿ ಇಳಿಸಬಹುದು, ಕೆಲವು ಏರಿಸುತ್ತವೆ, ಕೆಲವು ಕಿಡ್ನಿಯನ್ನೇ ಹಾಳು ಮಾಡಿವೆ. ಇವುಗಳಲ್ಲಿ ಯಾವುದನ್ನು ನಂಬಿಯೂ ವೈದ್ಯರು ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು.

ಯಾಕೆ ಅಂತ ಒಂದೊಂದಾಗಿ ತಿಳಿಯೋಣ.

ಬಿಪಿ ಕಣ್ಣಿಗೆ ಕಾಣುವ ಕಾಯಿಲೆಯಲ್ಲ

ರಕ್ತನಾಳದ ಗೋಡೆಯ ಮೇಲೆ ರಕ್ತ ಹಾಕುವ ಒತ್ತಡವೇ ರಕ್ತದೊತ್ತಡ. ಬೇರೆ ಬೇರೆ ದಿನ ಸರಿಯಾಗಿ ಅಳೆದಾಗಲೂ ಅದು 140/90 ಅಥವಾ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ಸಾಮಾನ್ಯವಾಗಿ ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಇದಕ್ಕೆ ಬಹುತೇಕ ಯಾವ ಲಕ್ಷಣವೂ ಇರುವುದಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ಸುಸ್ತಿಲ್ಲ. ಒಳಗೊಳಗೇ ಹೃದಯ, ಮಿದುಳು, ಕಿಡ್ನಿ, ಕಣ್ಣಿಗೆ ಹಾನಿ ಆಗುತ್ತಿರುತ್ತದೆ.

ಅಂದರೆ ಬಿಪಿ ಎಂಬುದು ಯಂತ್ರದಲ್ಲಿ ಅಳೆದರೆ ಮಾತ್ರ ಗೊತ್ತಾಗುವ ಸಂಖ್ಯೆ. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಸಾಧನವನ್ನು ಇಟಲಿಯ ರಿವಾ-ರೋಚಿ ಎಂಬ ವೈದ್ಯರು ತಂದದ್ದು 1896ರಲ್ಲಿ. ಸ್ಟೆತೊಸ್ಕೋಪಿನಿಂದ ಸದ್ದು ಕೇಳಿ ಮೇಲಿನ, ಕೆಳಗಿನ ಎರಡೂ ಸಂಖ್ಯೆ ತಿಳಿಯುವ ವಿಧಾನವನ್ನು ರಷ್ಯಾದ ಕೊರೊಟ್ಕಾಫ್ ಹೇಳಿದ್ದು 1905ರಲ್ಲಿ. ಹೀಗಾಗಿ ಚೀನಾದ ಪ್ರಾಚೀನ ವೈದ್ಯಗ್ರಂಥಗಳಲ್ಲಿ "ಬಿಪಿ" ಎಂಬ ಕಾಯಿಲೆ ಇರಲು ಸಾಧ್ಯವೇ ಇಲ್ಲ. ಅಲ್ಲಿ ಇರುವುದು ತಲೆಸುತ್ತು, ತಲೆನೋವು ಮುಂತಾದ ಲಕ್ಷಣಗಳು. "ಯಕೃತ್ತಿನ ಯಾಂಗ್ ಶಕ್ತಿ ಮೇಲಕ್ಕೇರಿದೆ" ಎಂಬಂಥ ವಿವರಣೆಯೊಂದಿಗೆ ಅವಕ್ಕೆ ಚಿಕಿತ್ಸೆ ಹೇಳಲಾಗಿತ್ತು. ಅದೇ ಚಿಕಿತ್ಸೆಗಳನ್ನು ಈಗ ಬಿಪಿಗೆ ಹೊಂದಿಸಲಾಗಿದೆ.

ಹಾಗೆಂದು ಅವು ಕೆಲಸ ಮಾಡುವುದೇ ಇಲ್ಲ ಎಂದಲ್ಲ. ಆದರೆ "ಮಾಡಿಸಿಕೊಂಡೆ, ತಲೆ ಹಗುರಾಯಿತು" ಎಂಬ ಅನುಭವ ಬಿಪಿ ಇಳಿದದ್ದಕ್ಕೆ ಸಾಕ್ಷಿಯಾಗುವುದಿಲ್ಲ. ತಲೆ ಹಗುರಾದರೂ ಬಿಪಿ 170 ಇರಬಹುದು. ಆದ್ದರಿಂದ ಯಾವುದೇ ಚಿಕಿತ್ಸೆಯ ಬಗ್ಗೆ ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ಸಂಖ್ಯೆ ಇಳಿಯಿತೇ? ತಿಂಗಳುಗಟ್ಟಲೆ ಹಾಗೇ ಉಳಿಯಿತೇ?

ಒತ್ತಿದರೆ ಐದೇ ನಿಮಿಷದಲ್ಲಿ ಇಳಿಯುತ್ತದೆಯೇ?

ಈ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಮೊದಲು ಬಿಪಿ ನೋಡುತ್ತಾರೆ, ಹೆಚ್ಚಿರುತ್ತದೆ. ಆಮೇಲೆ ಕೈಯ ಮೇಲೋ ಕಾಲಿನ ಮೇಲೋ ಕಿವಿಯ ಹಿಂದೆಯೋ ಒತ್ತುತ್ತಾರೆ. ಮತ್ತೆ ಅಳೆದರೆ ಇಳಿದಿರುತ್ತದೆ. ಇದರಲ್ಲಿ ಮೋಸ ಇರಲೇಬೇಕೆಂದಿಲ್ಲ. ನಿಜಕ್ಕೂ ಇಳಿದಿರಬಹುದು. ಆದರೆ ಇಳಿಸಿದ್ದು ಯಾವುದು?

ನಮ್ಮ ಬಿಪಿ ದಿನವಿಡೀ ಏರಿಳಿಯುತ್ತಿರುತ್ತದೆ. ಮೆಟ್ಟಿಲು ಹತ್ತಿದರೆ, ಮಾತಾಡುತ್ತಿದ್ದರೆ, ಕಾಫಿ ಕುಡಿದರೆ, ಮೂತ್ರ ತಡೆದುಕೊಂಡಿದ್ದರೆ, ಡಾಕ್ಟರ್ ಎದುರು ಗಾಬರಿಯಾದರೆ ಏರುತ್ತದೆ. ಐದು ನಿಮಿಷ ಸುಮ್ಮನೆ ಕೂತರೆ ಇಳಿಯುತ್ತದೆ. ಆದ್ದರಿಂದಲೇ ಐದು ನಿಮಿಷ ಕೂತು ವಿಶ್ರಾಂತಿ ಪಡೆದ ಮೇಲೆ ಬಿಪಿ ನೋಡಬೇಕು ಎಂಬ ನಿಯಮವಿದೆ. ಆಕ್ಯುಪ್ರೆಶರ್ ವಿಡಿಯೊದಲ್ಲಿ ಆ ಐದು ನಿಮಿಷದ ವಿಶ್ರಾಂತಿಯ ಹೆಸರೇ "ಒತ್ತುಬಿಂದು".

ಮನೆಯಲ್ಲಿ ಬಿಪಿ ಯಂತ್ರವಿದ್ದರೆ ನೀವೇ ಪರೀಕ್ಷಿಸಿ ನೋಡಬಹುದು. ಓಡಾಡಿ ಬಂದ ತಕ್ಷಣ ಒಮ್ಮೆ ಅಳೆಯಿರಿ. ಎಲ್ಲಿಯೂ ಒತ್ತದೆ, ಮಾತಾಡದೆ, ಮೊಬೈಲ್ ನೋಡದೆ ಐದು ನಿಮಿಷ ಕೂತು ಮತ್ತೆ ಅಳೆಯಿರಿ. ಬಹಳಷ್ಟು ಸಲ ಎರಡನೆಯ ಸಂಖ್ಯೆ ಕಡಿಮೆಯೇ ಬರುತ್ತದೆ.

ಇಲ್ಲೊಂದು ಎಚ್ಚರಿಕೆ. ಕಿವಿಯ ಹಿಂದಿನಿಂದ ಕುತ್ತಿಗೆಯ ಪಕ್ಕದಲ್ಲೇ ಕೆಳಗಿನವರೆಗೆ ಜೋರಾಗಿ ತಿಕ್ಕಲು ಕೆಲವು ವಿಡಿಯೊಗಳು ಹೇಳುತ್ತವೆ. ಕುತ್ತಿಗೆಯ ಎರಡೂ ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳಗಳಿವೆ. ಅಲ್ಲಿ ಒತ್ತಡ ಬಿದ್ದರೆ ಹೃದಯ ಬಡಿತ ಒಮ್ಮೆಲೇ ನಿಧಾನವಾಗಿ ತಲೆ ತಿರುಗಿ ಬೀಳಬಹುದು. ವಯಸ್ಸಾದವರಲ್ಲಿ ಆ ರಕ್ತನಾಳದ ಒಳಗೆ ಕೊಬ್ಬು ಕಟ್ಟಿಕೊಂಡಿದ್ದರೆ, ಅದರ ಚೂರು ಕಳಚಿ ಮಿದುಳಿಗೆ ಹೋಗುವ ಅಪಾಯವೂ ಇದೆ. ಕೈಕಾಲು ಒತ್ತಿಸಿಕೊಂಡರೆ ತೊಂದರೆಯಿಲ್ಲ, ಕುತ್ತಿಗೆಯ ಪಕ್ಕವನ್ನು ಮಾತ್ರ ಬಿಟ್ಟುಬಿಡಿ.

ಆಕ್ಯುಪಂಕ್ಚರ್: ನಿಜವಾದ ಸೂಜಿ, ಸುಳ್ಳು ಸೂಜಿ

ಆಕ್ಯುಪಂಕ್ಚರ್ ಮೇಲೆ ಸರಿಯಾದ ಪರೀಕ್ಷೆಗಳು ನಡೆದಿವೆ. ವಿಧಾನ ಸರಳ. ಬಿಪಿ ಇರುವವರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚುತ್ತಾರೆ. ಒಂದು ಗುಂಪಿಗೆ ಚೀನೀ ಪದ್ಧತಿ ಹೇಳುವ ಬಿಂದುಗಳಲ್ಲೇ ಸೂಜಿ ಹಾಕುತ್ತಾರೆ. ಇನ್ನೊಂದು ಗುಂಪಿಗೆ ಬೇಕೆಂದೇ ಬೇರೆ ಜಾಗದಲ್ಲಿ ಹಾಕುತ್ತಾರೆ. ತಮಗೆ ಸಿಕ್ಕಿದ್ದು ಯಾವುದು ಎಂದು ರೋಗಿಗೆ ಗೊತ್ತಿರುವುದಿಲ್ಲ. ವಿಶ್ರಾಂತಿ, ಆರೈಕೆ, ನಂಬಿಕೆ ಎರಡೂ ಗುಂಪಿಗೆ ಸಮ. ಹಾಗಾಗಿ ವ್ಯತ್ಯಾಸ ಕಂಡರೆ ಅದು ಆ ಬಿಂದುಗಳದ್ದೇ ಗುಣ.

ಅಮೆರಿಕದ ಬಾಸ್ಟನ್‌ನಲ್ಲಿ 192 ಜನರ ಮೇಲೆ ನಡೆದ ಇಂಥ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸರಿಯಾದ ಬಿಂದುಗಳ ಚಿಕಿತ್ಸೆ ಪಡೆದವರಲ್ಲಿ ಮೇಲಿನ ಬಿಪಿ ಸರಾಸರಿ ಸುಮಾರು 3.6 ಅಂಕ ಇಳಿಯಿತು. ಸುಳ್ಳು ಚಿಕಿತ್ಸೆ ಪಡೆದವರಲ್ಲಿ ಸುಮಾರು 3.8 ಅಂಕ ಇಳಿಯಿತು. ಅಂದರೆ ವ್ಯತ್ಯಾಸವೇ ಇಲ್ಲ.

2007ರಲ್ಲಿ ಜರ್ಮನಿಯಿಂದ ಬಂದ ಇನ್ನೊಂದು ಅಧ್ಯಯನದಲ್ಲಿ ಫಲಿತಾಂಶ ಬೇರೆಯಾಗಿತ್ತು. ಅಲ್ಲಿ 160 ಜನ ಭಾಗವಹಿಸಿದ್ದರು. ಆರು ವಾರದಲ್ಲಿ 22 ಸಲ ಸೂಜಿ ಹಾಕಿದ ಮೇಲೆ, ನಿಜವಾದ ಚಿಕಿತ್ಸೆ ಪಡೆದವರ ಮೇಲಿನ ಬಿಪಿ 5 ಅಂಕದಷ್ಟು, ಕೆಳಗಿನ ಬಿಪಿ 3 ಅಂಕದಷ್ಟು ಇಳಿದಿತ್ತು. ಸುಳ್ಳು ಚಿಕಿತ್ಸೆಯ ಗುಂಪಿನಲ್ಲಿ ಇಳಿದಿರಲಿಲ್ಲ. ಆದರೆ ಚಿಕಿತ್ಸೆ ನಿಲ್ಲಿಸಿ ಮೂರು ತಿಂಗಳ ನಂತರ ನೋಡಿದಾಗ ಬಿಪಿ ಮೊದಲಿನ ಮಟ್ಟಕ್ಕೇ ವಾಪಸ್ ಬಂದಿತ್ತು.

ಇಂಥ 22 ಅಧ್ಯಯನಗಳನ್ನು, ಒಟ್ಟು 1,744 ಜನರ ಫಲಿತಾಂಶವನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2018ರಲ್ಲಿ ಪರಿಶೀಲಿಸಿತು. ಬಿಪಿ ಇಳಿದು ಉಳಿಯುತ್ತದೆ ಎನ್ನಲು ಪುರಾವೆ ಇಲ್ಲ, ಅಲ್ಪಾವಧಿಯ ಪರಿಣಾಮದ ಪುರಾವೆಯೂ ತೀರಾ ದುರ್ಬಲ ಎಂಬುದು ಅದರ ತೀರ್ಮಾನ.

ಹಾಗಾದರೆ ಆಕ್ಯುಪಂಕ್ಚರ್ ಮಾಡಿಸಲೇಬಾರದೇ? ನೋವಿಗೆಂದು ಮಾಡಿಸುವವರಿದ್ದಾರೆ, ಅದು ಬೇರೆ ವಿಷಯ. ಬಿಪಿ ಇರುವವರು ಮಾಡಿಸುವುದಾದರೆ ತರಬೇತಿ ಇರುವವರ ಬಳಿ, ಒಮ್ಮೆ ಬಳಸಿ ಎಸೆಯುವ ಹೊಸ ಸೂಜಿಯಿಂದಲೇ ಮಾಡಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಬಿಪಿ ಮಾತ್ರೆಯ ಜಾಗಕ್ಕೆ ಅದನ್ನು ತರಬೇಡಿ.

"ಗಿಡಮೂಲಿಕೆ ತಾನೇ, ಸೈಡ್ ಎಫೆಕ್ಟ್ ಇಲ್ಲ"

ಫಾರ್ವರ್ಡ್‌ಗಳಲ್ಲಿ ಅತಿ ಹೆಚ್ಚು ಕಾಣುವ ಮಾತು ಇದು. ಅತಿ ಹೆಚ್ಚು ಅಪಾಯಕಾರಿ ಮಾತೂ ಇದೇ. ಚೀನಾದ್ದೇ ನಾಲ್ಕು ಉದಾಹರಣೆ ನೋಡಿ.

ಒಂದು: ತಿಯೆನ್‌ಮಾ ಗೌತೆಂಗ್ ಯಿನ್. ಬಿಪಿಗೆಂದು ಚೀನಾದಲ್ಲಿ ಬಹಳ ಬಳಸುವ ಕಷಾಯ. ಇದು ಸಾವಿರಾರು ವರ್ಷ ಹಳೆಯದಲ್ಲ, 20ನೇ ಶತಮಾನದಲ್ಲಿ ರೂಪಿಸಿದ ಮಿಶ್ರಣ. 2012ರಲ್ಲಿ ಕಾಕ್ರೇನ್ ಸಂಶೋಧಕರು ಇದರ ಬಗ್ಗೆ ಪರಿಶೀಲನೆಗೆ ಕೂತಾಗ, ತಮ್ಮ ಗುಣಮಟ್ಟಕ್ಕೆ ಹೊಂದುವ ಒಂದೇ ಒಂದು ಪರೀಕ್ಷೆಯೂ ಅವರಿಗೆ ಸಿಗಲಿಲ್ಲ. "ಕೆಲಸ ಮಾಡುವುದಿಲ್ಲ" ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ "ಮಾಡುತ್ತದೆ" ಎಂದು ಹೇಳಲೂ ಆಧಾರ ಇರಲಿಲ್ಲ.

ಎರಡು: ಝೆಂಜು ಜಿಯಾಂಗ್ಯಾ ಮಾತ್ರೆ. ಮುತ್ತಿನ ಚಿಪ್ಪಿನ ಪುಡಿ, ಕಾಡು ಸೇವಂತಿಗೆ ಹೂವಿನ ಸಾರ ಇರುವ ಸಾಂಪ್ರದಾಯಿಕ ಔಷಧಿ ಎಂದು ಚೀನಾದಲ್ಲಿ ಇದು ಜನಪ್ರಿಯ. ಇದನ್ನು ನುಂಗಿದರೆ ಬಿಪಿ ಇಳಿಯುತ್ತದೆ. ಯಾಕೆಂದರೆ ಅದರಲ್ಲಿ ಕ್ಲೋನಿಡಿನ್, ಹೈಡ್ರೊಕ್ಲೋರೊಥಯಾಜೈಡ್ ಎಂಬ ಎರಡು ಇಂಗ್ಲಿಷ್ ಔಷಧಿಗಳೂ ಇವೆ. ಚೀನಾದಲ್ಲಿ ಇದು ಗುಟ್ಟೇನಲ್ಲ, ಪದಾರ್ಥಗಳ ಪಟ್ಟಿಯಲ್ಲೇ ಇದೆ. ಆದರೆ "ಹೂವಿನ ಮಾತ್ರೆ" ಎಂದು ಯಾರೋ ತಂದುಕೊಟ್ಟದ್ದನ್ನು ನುಂಗುವವರಿಗೆ ಇದು ಗೊತ್ತಿರುವುದಿಲ್ಲ. ಕ್ಲೋನಿಡಿನ್ ಅನ್ನು ಒಮ್ಮೆಲೇ ನಿಲ್ಲಿಸಿದರೆ ಬಿಪಿ ದಿಢೀರನೆ ಅಪಾಯದ ಮಟ್ಟಕ್ಕೆ ಏರಬಹುದು. ಗಿಡಮೂಲಿಕೆ ತಾನೇ ಎಂದು ಬೇಕಾದಾಗ ತೆಗೆದುಕೊಂಡು ಬೇಡವಾದಾಗ ಬಿಟ್ಟರೆ ಆಗುವ ಕಥೆ ಇದು.

ಮೂರು: ಜೇಷ್ಠಮಧು. ಚೀನೀ ಔಷಧಿಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಮೂಲಿಕೆಗಳಲ್ಲಿ ಇದೂ ಒಂದು. ನಮ್ಮಲ್ಲಿ ಕೆಮ್ಮಿಗೆ, ಗಂಟಲಿಗೆ ಬಾಯಲ್ಲಿಟ್ಟು ಚಪ್ಪರಿಸುವುದೂ ಇದನ್ನೇ. ಇದರಲ್ಲಿರುವ ಗ್ಲಿಸಿರೈಝಿನ್ ಎಂಬ ಅಂಶ ಮೈಯಲ್ಲಿ ಉಪ್ಪು, ನೀರು ನಿಲ್ಲುವಂತೆ ಮಾಡುತ್ತದೆ, ಪೊಟ್ಯಾಷಿಯಂ ಇಳಿಸುತ್ತದೆ. ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಬಿಪಿ ಏರುತ್ತದೆ. ಬಿಪಿ ಇಳಿಸಲೆಂದು ಕುಡಿಯುವ ಕಷಾಯದಲ್ಲೇ ಬಿಪಿ ಏರಿಸುವ ಬೇರು ಇರಬಹುದು! ಮಾ ಹುವಾಂಗ್ ಎಂಬ ಇನ್ನೊಂದು ಚೀನೀ ಮೂಲಿಕೆಯೂ ಬಿಪಿ, ಹೃದಯ ಬಡಿತ ಎರಡನ್ನೂ ಏರಿಸುತ್ತದೆ. ಅದರಲ್ಲಿರುವ ಎಫಿಡ್ರಿನ್ ಇದ್ದ ಪೂರಕ ಆಹಾರಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು.

ನಾಲ್ಕು: ಫಾಂಗ್‌ಜಿ. ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳಿವೆ. ಒಂದರಲ್ಲಿ ಇರುವ ಟೆಟ್ರಾಂಡ್ರಿನ್ ಎಂಬ ಅಂಶವನ್ನು ಬಿಪಿಗಾಗಿ ಅಧ್ಯಯನ ಮಾಡಲಾಗಿದೆ. ಇನ್ನೊಂದರಲ್ಲಿ ಇರುವುದು ಅರಿಸ್ಟೊಲೋಕಿಕ್ ಆಮ್ಲ, ಅಂದರೆ ಕಿಡ್ನಿಗೆ ವಿಷ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಿಗೆ ಮೊದಲನೆಯದರ ಬದಲು ಎರಡನೆಯದು ಸೇರಿತು. ನೂರಕ್ಕೂ ಹೆಚ್ಚು ಮಹಿಳೆಯರ ಕಿಡ್ನಿ ಹಾಳಾಯಿತು. ಮುಂದೆ ಅವರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ನಮ್ಮಲ್ಲಿ ಈಶ್ವರಿ ಬಳ್ಳಿ ಎಂದು ಕರೆಯುವ ಗಿಡ ಇದೇ ಕುಲಕ್ಕೆ ಸೇರಿದ್ದು, ಅದರಲ್ಲೂ ಇದೇ ಆಮ್ಲವಿದೆ.

ಹಾಗಾದರೆ ಗಿಡದಿಂದ ಬಿಪಿಗೆ ಮದ್ದೇ ಇಲ್ಲವೇ?

ಇದೆ. ಅದು ಸಿಕ್ಕಿದ್ದು ನಮ್ಮ ಭಾರತದಲ್ಲೇ. ಸರ್ಪಗಂಧಿ ಬೇರನ್ನು ಇಲ್ಲಿ ಹಿಂದಿನಿಂದಲೂ ಔಷಧಿಯಾಗಿ ಬಳಸುತ್ತಿದ್ದರು. ಮುಂಬೈನ ವೈದ್ಯ ರುಸ್ತುಂ ಜಲ್ ವಕೀಲ್ ಅವರು ಅದನ್ನು ಬಿಪಿ ರೋಗಿಗಳಿಗೆ ಕೊಟ್ಟು, ಅಳೆದು, ದಾಖಲಿಸಿ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಚೀನಾದಲ್ಲಿ ದಶಕಗಳಿಂದ ಅಗ್ಗದ ದರಕ್ಕೆ ಸಿಗುವ ಮಿಶ್ರ ಬಿಪಿ ಮಾತ್ರೆಗಳಲ್ಲಿ ಇರುವುದು ಇದೇ ರಿಸರ್ಪಿನ್.

ಬೇರು ಮದ್ದಾದದ್ದು ಹೀಗೆ: ಯಾವ ಅಂಶ, ಎಷ್ಟು ಮಿಲಿಗ್ರಾಂ, ಎಷ್ಟು ಇಳಿಯುತ್ತದೆ, ಏನು ತೊಂದರೆ ಎಂಬುದು ಗೊತ್ತಾದ ಮೇಲೆ. ರಿಸರ್ಪಿನ್‌ಗೂ ಅಡ್ಡಪರಿಣಾಮಗಳಿವೆ. ಮೂಗು ಕಟ್ಟುತ್ತದೆ, ಪ್ರಮಾಣ ಹೆಚ್ಚಾದರೆ ಖಿನ್ನತೆ ಬರಬಹುದು. ಕೆಲಸ ಮಾಡುವ ಯಾವ ಮದ್ದಿಗೂ ಅಡ್ಡಪರಿಣಾಮ ಇರುತ್ತದೆ. ಅದನ್ನು ಮುಚ್ಚಿಡದೆ ಹೇಳುವುದೇ ಮದ್ದಿಗೂ ಫಾರ್ವರ್ಡ್‌ಗೂ ಇರುವ ವ್ಯತ್ಯಾಸ.

ತೈ ಚಿ: ಇಲ್ಲಿ ಪುರಾವೆ ಇದೆ

ತೈ ಚಿ ಚೀನಾದ ಹಳೆಯ ಸಮರಕಲೆಯಿಂದ ಬಂದ ನಿಧಾನಗತಿಯ ವ್ಯಾಯಾಮ. ಉಸಿರಾಟದ ಜೊತೆ ಕೈಕಾಲುಗಳನ್ನು ನಿಧಾನವಾಗಿ ಆಡಿಸುತ್ತಾರೆ. ಬೀಜಿಂಗ್‌ನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಪಿ ಗಡಿರೇಖೆಯಲ್ಲಿದ್ದ 342 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ತೈ ಚಿ, ಇನ್ನೊಂದು ಗುಂಪು ಚುರುಕು ನಡಿಗೆ, ಸೈಕಲ್, ಓಟದಂಥ ವ್ಯಾಯಾಮ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ಗಂಟೆ, ಒಂದು ವರ್ಷ. ಕೊನೆಗೆ ತೈ ಚಿ ಗುಂಪಿನಲ್ಲಿ ಮೇಲಿನ ಬಿಪಿ ಸರಾಸರಿ 7 ಅಂಕ, ಇನ್ನೊಂದು ಗುಂಪಿನಲ್ಲಿ 4.6 ಅಂಕ ಇಳಿದಿತ್ತು.

ಗಮನಿಸಿ, ಇವರು ಬಿಪಿ ಇನ್ನೂ ಗಡಿಯಲ್ಲಿದ್ದವರು, ಮಾಡಿದ್ದು ವರ್ಷಪೂರ್ತಿ. 160, 170 ಇರುವವರಿಗೆ ವ್ಯಾಯಾಮ ಮಾತ್ರೆಯ ಜೊತೆಗೆ ಬೇಕು, ಮಾತ್ರೆಯ ಬದಲಿಗೆ ಅಲ್ಲ. ಅದಕ್ಕಾಗಿ ತೈ ಚಿಯನ್ನೇ ಕಲಿಯಬೇಕೆಂದೂ ಇಲ್ಲ. ಚುರುಕು ನಡಿಗೆಯಿಂದಲೂ ಬಿಪಿ ಇಳಿಯುತ್ತದೆ.

ಲಕ್ವ ಹೊಡೆದಾಗ ಬೆರಳಿಗೆ ಸೂಜಿ ಚುಚ್ಚಬೇಕೇ?

ಬೇಡವೇ ಬೇಡ. "ಚೀನಾದ ಪ್ರೊಫೆಸರ್ ಹೇಳಿದ್ದು, ಲಕ್ವ ಹೊಡೆದವರ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ಬರಿಸಿ, ಆಮೇಲೆ ಆಸ್ಪತ್ರೆಗೆ ಒಯ್ಯಿರಿ" ಎಂಬ ಸಂದೇಶ ಹಲವು ವರ್ಷಗಳಿಂದ ಜಗತ್ತಿನ ಹಲವು ಭಾಷೆಗಳಲ್ಲಿ ಸುತ್ತುತ್ತಿದೆ. ಇದು ಸುಳ್ಳು. ಬೆರಳಿನ ಎರಡು ಹನಿ ರಕ್ತದಿಂದ ಮಿದುಳಿನ ರಕ್ತನಾಳದ ತಡೆ ಕರಗುವುದಿಲ್ಲ, ಒಡೆದ ರಕ್ತನಾಳ ಮುಚ್ಚುವುದೂ ಇಲ್ಲ.

ಅಧಿಕ ಬಿಪಿ ಲಕ್ವಕ್ಕೆ ಬಹುದೊಡ್ಡ ಕಾರಣ. ಹೆಪ್ಪುಗಟ್ಟಿದ ರಕ್ತದಿಂದ ಲಕ್ವ ಆಗಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಹತ್ತು ಬೆರಳು ಚುಚ್ಚುತ್ತಾ ಕೂತ ಹೊತ್ತು ಆ ಗಂಟೆಗಳಿಂದಲೇ ಕಳೆಯುತ್ತದೆ. ಮುಖ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಲಕ್ಷಣ ಶುರುವಾದ ಸಮಯ ನೆನಪಿಟ್ಟುಕೊಳ್ಳಿ. ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬೇಡಿ.

ಚೀನಾದಿಂದ ನಿಜವಾಗಿ ಕಲಿಯಬೇಕಾದ್ದು

ಬಿಪಿಯ ವಿಷಯದಲ್ಲಿ ಚೀನಾ ಎರಡು ದೊಡ್ಡ ಪಾಠ ಕೊಟ್ಟಿದೆ. ಆದರೆ ಅವು ಫಾರ್ವರ್ಡ್‌ಗಳಲ್ಲಿ ಬರುವುದಿಲ್ಲ.

ಮೊದಲನೆಯದು ಉಪ್ಪು. 600 ಹಳ್ಳಿಗಳ ಸುಮಾರು 21 ಸಾವಿರ ಜನರ ಮೇಲೆ ಐದು ವರ್ಷದ ಹತ್ತಿರ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಇವರೆಲ್ಲ ಹಿಂದೆ ಲಕ್ವ ಆಗಿದ್ದವರು ಅಥವಾ 60 ದಾಟಿ ಬಿಪಿ ಇದ್ದವರು. ಅರ್ಧದಷ್ಟು ಹಳ್ಳಿಗಳಿಗೆ ಕಾಲುಭಾಗ ಪೊಟ್ಯಾಷಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಆ ಹಳ್ಳಿಗಳಲ್ಲಿ ಲಕ್ವ ಶೇ. 14ರಷ್ಟು ಕಡಿಮೆಯಾಯಿತು. ಆದರೆ ಕಿಡ್ನಿ ತೊಂದರೆ ಇರುವವರು, ಪೊಟ್ಯಾಷಿಯಂ ಏರಿಸುವ ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಈ ಉಪ್ಪು ಬಳಸಬಾರದು.

ಎರಡನೆಯದು ಹಳ್ಳಿಯ ಆರೋಗ್ಯ ಕಾರ್ಯಕರ್ತರು. 326 ಹಳ್ಳಿಗಳ ಸುಮಾರು 34 ಸಾವಿರ ಬಿಪಿ ರೋಗಿಗಳ ಮೇಲೆ ಮೂರು ವರ್ಷ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ವೈದ್ಯಕೀಯ ಪದವಿ ಇಲ್ಲದ, ತರಬೇತಿ ಪಡೆದ "ಹಳ್ಳಿ ವೈದ್ಯರು" ಅರ್ಧದಷ್ಟು ಹಳ್ಳಿಗಳಲ್ಲಿ ಮಾಡಿದ್ದು ಇಷ್ಟೇ: ನಿಯಮಿತವಾಗಿ ಬಿಪಿ ಅಳೆದರು, ಸಾಮಾನ್ಯ ಬಿಪಿ ಮಾತ್ರೆಗಳನ್ನೇ ಹಂತಹಂತವಾಗಿ ಕೊಟ್ಟರು, ಮಾತ್ರೆ ತಪ್ಪದಂತೆ ನೋಡಿಕೊಂಡರು. ಅಲ್ಲಿ ಹೃದಯಾಘಾತ, ಲಕ್ವ ಮುಂತಾದ ದೊಡ್ಡ ತೊಂದರೆಗಳು ಶೇ. 33ರಷ್ಟು ಇಳಿದವು.

ನೀವು ಮಾಡಬಹುದಾದದ್ದು

• ಐದು ನಿಮಿಷ ಕೂತು, ಬೆನ್ನಿಗೆ ಒರಗು ಕೊಟ್ಟು, ತೋಳನ್ನು ಮೇಜಿನ ಮೇಲೆ ಹೃದಯದ ಮಟ್ಟಕ್ಕೆ ಇಟ್ಟು ಬಿಪಿ ಅಳೆಯಿರಿ. ಎರಡು ಸಲ ನೋಡಿ, ದಿನಾಂಕದ ಜೊತೆ ಬರೆದಿಡಿ.
• ಬಿಪಿ ನಾರ್ಮಲ್ ಬಂತೆಂದು ಮಾತ್ರೆ ಬಿಡಬೇಡಿ. ನಾರ್ಮಲ್ ಬಂದಿರುವುದು ಮಾತ್ರೆಯಿಂದಲೇ ಇರಬಹುದು.
• ಮಾತ್ರೆಯಿಂದ ಕಾಲು ಊತ, ಒಣಕೆಮ್ಮು, ತಲೆಸುತ್ತು ಬಂದರೆ ಡಾಕ್ಟರಿಗೆ ಹೇಳಿ. ಬೇರೆ ಮಾತ್ರೆ ಇದೆ.
• ಕಷಾಯ, ಪುಡಿ, ಲೇಹ್ಯ ಏನು ತೆಗೆದುಕೊಳ್ಳುತ್ತಿದ್ದರೂ ಮುಚ್ಚಿಡಬೇಡಿ. ಪದಾರ್ಥಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಮುಟ್ಟಲೇಬೇಡಿ.
• ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಿಪ್ಸ್ ಕಡಿಮೆ ಮಾಡಿ. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.
• ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡುತ್ತಾರೆ, ಮಾತ್ರೆಯನ್ನೂ ಉಚಿತವಾಗಿ ಕೊಡುತ್ತಾರೆ.

ಮುಂದಿನ ಸಲ "ಇಲ್ಲಿ ಒತ್ತಿದರೆ ಬಿಪಿ ಮಾಯ" ಎಂಬ ವಿಡಿಯೊ ಬಂದರೆ, ಕಳಿಸಿದವರ ಮೇಲೆ ಕೋಪ ಬೇಡ. "ಅಣ್ಣಾ, ಆರು ತಿಂಗಳಾದ ಮೇಲೆ ಎಷ್ಟಿತ್ತಂತೆ?" ಎಂದು ಕೇಳಿ ನೋಡಿ. ಆ ಗ್ರೂಪಿನಲ್ಲಿ ಯಾರಾದರೂ ಇವತ್ತೇ ಮಾತ್ರೆ ಬಿಡಬೇಕೆಂದು ಯೋಚಿಸುತ್ತಿದ್ದರೆ, ನಿಮ್ಮ ಆ ಒಂದು ಪ್ರಶ್ನೆ ಅವರನ್ನು ತಡೆಯಬಹುದು.